ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುವ ಎಂಜಿನ್: ಗಣಿ ಸೀಮೆಯ ಚಾಲಕರಿಗೂ ಮೇಸ್ತ್ರಿಗಳಿಗೂ ಬಹಿರಂಗ ಪತ್ರ

ಪಾಪಿನಾಯಕನಹಳ್ಳಿ, ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಸೀಮೆಯ ಕಾರು ಮಾಲೀಕರಿಗೆ, ಬಾಡಿಗೆ ಗಾಡಿಗಳ ಚಾಲಕರಿಗೆ, ಗ್ಯಾರೇಜ್ ಮೇಸ್ತ್ರಿಗಳಿಗೆ,

ಆಕ್ಸಿಲರೇಟರ್ ಒತ್ತಿದ ಕೂಡಲೇ ವೇಗ ಹಿಡಿಯಬೇಕಾದ ಎಂಜಿನ್ ಕ್ಷಣಕಾಲ ಸುಮ್ಮನಿದ್ದು ಆಮೇಲೆ ಎಳೆಯುವುದು, ಜಗ್ಗಿ ಜಗ್ಗಿ ಮುಂದೆ ಹೋಗುವುದು, ಪೆಡಲ್ ಪೂರ್ತಿ ಒತ್ತಿದರೂ ಒಂದು ಹಂತದಾಚೆ ಏರದೆ ನಿಲ್ಲುವುದು ಇವು ಮೂರು ಬೇರೆ ಬೇರೆ ಲಕ್ಷಣಗಳು. ಪಿಕಪ್ ಇಲ್ಲ ಎಂಬ ಒಂದೇ ದೂರಿನಲ್ಲಿ ಮೂರೂ ಸೇರಿಹೋಗುವುದರಿಂದ ಕಾರಣ ಹುಡುಕುವ ಕೆಲಸ ಆರಂಭದಲ್ಲೇ ದಾರಿ ತಪ್ಪುತ್ತದೆ. ಮೊದಲನೆಯದಕ್ಕೆ ಹೆಚ್ಚಾಗಿ ಗಾಳಿ ಮತ್ತು ಸೆನ್ಸರ್‌ಗಳ ಕಡೆಯ ದೋಷ ಕಾರಣ, ಎರಡನೆಯದಕ್ಕೆ ಕಿಡಿಯ ಕಡೆಯದು, ಮೂರನೆಯದಕ್ಕೆ ಇಂಧನ ಸಾಲದಿರುವುದು ಅಥವಾ ಎಲ್ಲೋ ದಾರಿ ಕಟ್ಟಿಕೊಂಡಿರುವುದು.

ಇದು ಬರೀ ಕಿರಿಕಿರಿಯ ಮಾತಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿ ಅದಿರು ಲಾರಿಯೊಂದನ್ನು ಹಿಂದಿಕ್ಕಲು ಬಲಕ್ಕೆ ಹೊರಳಿದ ಮೇಲೆ ಎಂಜಿನ್ ಎರಡು ಸೆಕೆಂಡು ತಡವರಿಸಿದರೆ, ಲೆಕ್ಕ ಹಾಕಿಕೊಂಡಿದ್ದ ಜಾಗವೆಲ್ಲ ಎದುರಿನ ವಾಹನದ ಪಾಲಾಗುತ್ತದೆ. ಈ ದೋಷವನ್ನು ಮುಂದಿನ ಸರ್ವಿಸ್ ತನಕ ತಳ್ಳಿಕೊಂಡು ಹೋಗಬಾರದು. ಅದೇ ಹೊತ್ತಿಗೆ, ಊಹೆಯ ಮೇಲೆ ಇವತ್ತು ಪ್ಲಗ್, ನಾಳೆ ಪಂಪ್, ನಾಡಿದ್ದು ಸೆನ್ಸರ್ ಬದಲಿಸುತ್ತ ಹೋಗುವುದೂ ಸರಿಯಲ್ಲ. ಪ್ರತಿ ಅನುಮಾನವನ್ನೂ ಸಾಬೀತು ಮಾಡುವ ಅಥವಾ ಅಲ್ಲಗಳೆಯುವ ಪರೀಕ್ಷೆ ಇದೆ. ಅವುಗಳಲ್ಲಿ ಬಹುಪಾಲು ಸಾಮಾನ್ಯ ಗ್ಯಾರೇಜಿನಲ್ಲೇ ಆಗುವಂಥವು. ಅಳೆದು ನೋಡಿ ಆಮೇಲೆ ಬದಲಿಸುವುದು ಈ ಪತ್ರ ವಿವರಿಸುವ ಕ್ರಮ.

ಪೆಟ್ರೋಲ್ ಎಂಜಿನ್‌ಗೆ ಬೇಕಾದುದು ಗಾಳಿ, ಇಂಧನ ಮತ್ತು ಹೊತ್ತಿಗೆ ಸರಿಯಾದ ಕಿಡಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಶೇ 20ರಷ್ಟು ಎಥನಾಲ್ ಬೆರೆತ ಇ20 ಇಂಧನಕ್ಕೆ ಸುಮಾರು 13.5 ಕಿಲೋ ಸಾಕು. ಪೆಡಲ್ ಒತ್ತಿದಾಗ ಥ್ರಾಟಲ್ ತೆರೆದು ಗಾಳಿ ಆ ಕ್ಷಣವೇ ಒಳಗೆ ನುಗ್ಗುತ್ತದೆ. ಇಂಧನ ಅಷ್ಟು ಚುರುಕಲ್ಲ. ಅದರ ಒಂದು ಪಾಲು ಇನ್‌ಟೇಕ್ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಆವಿಯಾಗುತ್ತದೆ. ಹೀಗಾಗಿ ಆ ಕ್ಷಣದಲ್ಲಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ. ಈ ಕೊರತೆ ತುಂಬಲು ಹಳೆಯ ಕಾರ್ಬುರೇಟರ್‌ನಲ್ಲಿ ಪೆಡಲ್ ಒತ್ತಿದೊಡನೆ ಪೆಟ್ರೋಲ್ ಚಿಮ್ಮಿಸುವ ಪುಟ್ಟ ಪಂಪ್ ಇತ್ತು. ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಕಾರುಗಳಲ್ಲಿ ಥ್ರಾಟಲ್ ಎಷ್ಟು ಬೇಗ ತೆರೆಯಿತು, ಎಷ್ಟು ಗಾಳಿ ಬಂತು ಎಂಬುದನ್ನು ಸೆನ್ಸರ್‌ಗಳಿಂದ ತಿಳಿದ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇಂಜೆಕ್ಟರ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ.

ಅದೇ ಕ್ಷಣದಲ್ಲಿ ಸಿಲಿಂಡರ್ ಒಳಗಿನ ಒತ್ತಡವೂ ಏರುತ್ತದೆ. ಒತ್ತಡ ಹೆಚ್ಚಾದಷ್ಟೂ ಪ್ಲಗ್ಗಿನ ಎರಡು ತುದಿಗಳ ನಡುವೆ ಕಿಡಿ ಹಾರಿಸಲು ಹೆಚ್ಚಿನ ವೋಲ್ಟೇಜ್ ಬೇಕು. ಐಡಲ್‌ನಲ್ಲಿ ನುಣ್ಣಗೆ ತಿರುಗುವ ಎಂಜಿನ್ ಒತ್ತಿದಾಗ ಮಾತ್ರ ಮುಗ್ಗರಿಸುವುದಕ್ಕೆ ಇದೇ ವಿವರಣೆ. ಗಾಳಿ, ಇಂಧನ, ಕಿಡಿ ಮೂರಕ್ಕೂ ಒಟ್ಟಿಗೇ ಬೇಡಿಕೆ ಏರುವ ಹೊತ್ತು ಅದು. ಮೂರರಲ್ಲಿ ಯಾವುದು ದುರ್ಬಲವೋ ಅದು ಅಲ್ಲಿ ಬಯಲಾಗುತ್ತದೆ.

ಈ ಸೀಮೆಯ ನೆಲವೂ ಹವೆಯೂ ಈ ದೌರ್ಬಲ್ಯಗಳನ್ನು ಬೇಗ ಬೆಳೆಸುತ್ತವೆ. ಸಂಡೂರು ಬೆಟ್ಟಗಳ ಕಬ್ಬಿಣದ ಅದಿರು ಬಹುಮಟ್ಟಿಗೆ ಹೆಮಟೈಟ್. ದೋಣಿಮಲೈಯಲ್ಲಿ ಸರ್ಕಾರಿ ಗಣಿ ಸಂಸ್ಥೆ ಎನ್‌ಎಂಡಿಸಿ ಗಣಿ ಆರಂಭಿಸಿದ್ದು 1977ರಲ್ಲಿ; ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬಂದ ಮೇಲೆ ಅದಿರಿನ ಸಾಗಾಟ ಇನ್ನೂ ಹೆಚ್ಚಿತು. ಲಾರಿಗಳು ಓಡಾಡುವ ದಾರಿಯುದ್ದಕ್ಕೂ ಏಳುವ ಕೆಂಧೂಳು ಹಿಟ್ಟಿನಷ್ಟು ನುಣುಪಾಗಿದ್ದರೂ ಲೋಹವನ್ನು ಸವೆಸುವಷ್ಟು ಗಡಸು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಇಲ್ಲಿ ಅಪರೂಪವಲ್ಲ. ಆ ಬಿಸಿಗೆ ರಬ್ಬರ್ ಪೈಪುಗಳು ಗಟ್ಟಿಯಾಗಿ ಬಿರಿಯುತ್ತವೆ, ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲ್‌ಗಳು ಬೇಗ ಕೆಡುತ್ತವೆ. ಕಂಪ್ಲಿ ಕಡೆಯ ಭತ್ತ, ಕಬ್ಬಿನ ಗದ್ದೆಗಳ ಪಕ್ಕ ರಾತ್ರಿ ನಿಲ್ಲುವ ಕಾರುಗಳ ವೈರುಗಳಿಗೆ ಇಲಿ, ಹೆಗ್ಗಣಗಳ ಕಾಟ. ಹಂಪಿಯಲ್ಲಿ ಪ್ರವಾಸಿಗರನ್ನು ಗುಡಿಯಿಂದ ಗುಡಿಗೆ ಸುತ್ತಿಸುವ ಗಾಡಿಗಳು ಎಂಜಿನ್ ಪೂರ್ತಿ ಕಾಯುವ ಮೊದಲೇ ಮತ್ತೆ ಮತ್ತೆ ನಿಲ್ಲುವುದರಿಂದ ಥ್ರಾಟಲ್ ಮತ್ತು ವಾಲ್ವುಗಳಲ್ಲಿ ಇಂಗಾಲ ಕಟ್ಟುತ್ತದೆ.

ಪರೀಕ್ಷೆ ಆರಂಭವಾಗಬೇಕಾದುದು ಬಾನೆಟ್ ಎತ್ತುವುದರಿಂದಲ್ಲ, ಚಾಲಕರ ಗಮನದಿಂದ. ತಡವರಿಕೆ ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ನಿಂತಲ್ಲಿಂದ ಹೊರಡುವಾಗಲೋ, ಮೂರನೇ ನಾಲ್ಕನೇ ಗೇರಿನಲ್ಲೋ? ಪೆಡಲ್ ಮೆಲ್ಲಗೆ ಒತ್ತಿದರೂ ಬರುತ್ತದೆಯೋ, ಜೋರಾಗಿ ಒತ್ತಿದಾಗ ಮಾತ್ರವೋ? ಎಸಿ ಹಾಕಿದಾಗ ಹೆಚ್ಚುತ್ತದೆಯೋ? ಪೆಟ್ರೋಲ್ ಹಾಕಿಸಿದ ಮೇಲೆ, ಮಳೆಯಲ್ಲಿ ನೀರು ದಾಟಿದ ಮೇಲೆ, ಗಾಡಿ ತೊಳೆಸಿದ ಮೇಲೆ ಶುರುವಾಯಿತೋ? ಚೆಕ್ ಎಂಜಿನ್ ದೀಪ ಹತ್ತಿದೆಯೋ, ಮಿನುಗುತ್ತಿದೆಯೋ? ಮಿನುಗುವ ದೀಪಕ್ಕೆ ಬೇರೆಯೇ ಅರ್ಥವಿದೆ. ಒಂದು ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ. ಹಾಗೆಯೇ ಓಡಿಸಿದರೆ ಸಣ್ಣ ಕಾಯಿಲ್‌ನ ದೋಷ ದುಬಾರಿ ಕನ್ವರ್ಟರನ್ನೇ ಕರಗಿಸುತ್ತದೆ. ಇಷ್ಟು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮೇಸ್ತ್ರಿಯ ಅರ್ಧ ಕೆಲಸ ಮುಗಿದಂತೆ.

ಮೊದಲು ಬೇರ್ಪಡಿಸಬೇಕಾದ್ದು ಎಂಜಿನ್ ದೋಷವಲ್ಲದ ತಡವನ್ನು. ಗೇರ್ ತಾನೇ ಬದಲಾಗುವ ಎಎಂಟಿ ಕಾರು ಗೇರ್ ಬದಲಿಸುವಾಗ ಕ್ಷಣಕಾಲ ಎಳೆತ ಬಿಡುವುದು ಅದರ ರಚನೆಯ ಗುಣ. ಕಡಿಮೆ ಸುತ್ತಿನಲ್ಲಿ ಟರ್ಬೊ ಎಂಜಿನ್ ಸ್ವಲ್ಪ ತಡವಾಗಿ ಎಳೆಯುವುದೂ ಹಾಗೆಯೇ. ಎಂಜಿನ್ ಸುತ್ತು ಏರಿದರೂ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಡಿಸ್ಕ್ ಉಳಿದವಕ್ಕಿಂತ ವಿಪರೀತ ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಈ ನಾಲ್ಕನ್ನು ಬದಿಗಿಟ್ಟ ಮೇಲೆಯೇ ಎಂಜಿನ್ ಕಡೆ ಹೋಗಬೇಕು.

ಮುಂದಿನ ಹೆಜ್ಜೆ ಸ್ಕ್ಯಾನರ್. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಪೋರ್ಟಿಗೆ ಅದನ್ನು ಸಿಕ್ಕಿಸಿ ಕೋಡ್ ಓದಬೇಕು, ಬರೆದಿಟ್ಟುಕೊಳ್ಳಬೇಕು. ಓದುವ ಮೊದಲೇ ಬ್ಯಾಟರಿ ವೈರ್ ಬಿಚ್ಚಿದರೆ ಕೋಡ್‌ಗಳೂ ಅವು ದಾಖಲಾದ ಕ್ಷಣದ ಮಾಹಿತಿಯೂ ಅಳಿಸಿಹೋಗುತ್ತವೆ. ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ. ಪಿ0300 ಎಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್‌ಗಳಲ್ಲಿ ಮಿಸ್‌ಫೈರ್, ಅಂದರೆ ಇಂಧನ ಹೊತ್ತಿಕೊಳ್ಳದಿರುವುದು. ಪಿ0301ರಿಂದ ಮುಂದಿನವು ಆಯಾ ಸಿಲಿಂಡರ್‌ನ ಸಂಖ್ಯೆ ಹೇಳುತ್ತವೆ. ಪಿ0121 ಥ್ರಾಟಲ್ ಸೆನ್ಸರ್ ಕಡೆ, ಪಿ0101 ಗಾಳಿಯ ಅಳತೆಯ ಎಂಎಎಫ್ ಸೆನ್ಸರ್ ಕಡೆ, ಪಿ0087 ಇಂಧನದ ಒತ್ತಡ ಸಾಲದಿರುವುದರ ಕಡೆ, ಪಿ0299 ಟರ್ಬೊ ಒತ್ತಡ ಸಾಲದಿರುವುದರ ಕಡೆ ಬೊಟ್ಟು ಮಾಡುತ್ತವೆ. ಕೋಡ್ ತೋರಿಸುವುದು ಹುಡುಕಬೇಕಾದ ಜಾಗವನ್ನೇ ಹೊರತು ಬದಲಿಸಬೇಕಾದ ಭಾಗವನ್ನಲ್ಲ. ಪಿ0171 ಬಂತೆಂದು ಆಕ್ಸಿಜನ್ ಸೆನ್ಸರ್ ಬದಲಿಸುವುದು ಸಾಮಾನ್ಯ ತಪ್ಪು; ಆ ಸೆನ್ಸರ್ ಬಹುಪಾಲು ಸಲ ಇದ್ದದ್ದನ್ನು ಇದ್ದಂತೆ ಹೇಳಿರುತ್ತದೆ.

ಕೋಡ್ ಇಲ್ಲದಿದ್ದರೂ ಸ್ಕ್ಯಾನರ್‌ನ ಲೈವ್ ಡೇಟಾ ಬಹಳಷ್ಟು ಹೇಳುತ್ತದೆ. ಮೊದಲು ನೋಡಬೇಕಾದ್ದು ಫ್ಯೂಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿಪಡಿಸಲು ಇಸಿಯು ಎಷ್ಟು ಇಂಧನ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬ ಶೇಕಡಾ ಲೆಕ್ಕ. ಅಲ್ಪಾವಧಿ, ದೀರ್ಘಾವಧಿ ಟ್ರಿಮ್‌ಗಳೆರಡನ್ನೂ ಕೂಡಿಸಿದಾಗ ಸೊನ್ನೆಯ ಆಚೀಚೆ ಶೇ 10ರೊಳಗಿದ್ದರೆ ಚಿಂತೆಯಿಲ್ಲ. ಎಂಎಎಫ್ ಸೆನ್ಸರ್ ಇರುವ ಎಂಜಿನ್‌ನಲ್ಲಿ ಐಡಲ್‌ನಲ್ಲಿ ಹೆಚ್ಚಿದ್ದ ಟ್ರಿಮ್ 2,500 ಸುತ್ತಿನಲ್ಲಿ ಇಳಿದರೆ ಎಲ್ಲೋ ಸೆನ್ಸರ್ ಅಳತೆಗೆ ಸಿಗದ ಕಳ್ಳಗಾಳಿ ಒಳಬರುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು ಭಾರ ಬಿದ್ದಂತೆ ಏರಿದರೆ ಇಂಧನ ಸಾಲುತ್ತಿಲ್ಲ, ಇಲ್ಲವೇ ಎಂಎಎಫ್ ಸೆನ್ಸರ್ ಕೊಳೆಯಾಗಿ ಗಾಳಿಯನ್ನು ಕಡಿಮೆ ಎಣಿಸುತ್ತಿದೆ.

ಎಂಎಎಫ್ ಬದಲು ಇನ್‌ಟೇಕ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರುಗಳು ಹಲವು. ಅವುಗಳಲ್ಲಿ ಕಳ್ಳಗಾಳಿ ಟ್ರಿಮ್‌ನಲ್ಲಿ ಅಷ್ಟಾಗಿ ಕಾಣದೆ, ಐಡಲ್ ಏರಿಕೆಯಾಗಿ ತೋರಬಹುದು. ಮ್ಯಾಪ್ ಸೆನ್ಸರ್ ಸರಿಯಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಹೊಸಪೇಟೆ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಆ ಅಂಕಿ 95–96 ಕಿಲೋಪಾಸ್ಕಲ್ ಆಸುಪಾಸು ಇರಬೇಕು. ಪುಸ್ತಕದಲ್ಲಿರುವ 101 ಅಲ್ಲ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿದ್ದಾಗ ಅದು 25ರಿಂದ 40ರ ನಡುವೆ ಇಳಿಯಬೇಕು. ಥ್ರಾಟಲ್ ಸೆನ್ಸರ್ ಪರೀಕ್ಷೆಗೆ ಪೆಡಲನ್ನು ಮೆಲ್ಲಗೆ ಒತ್ತುತ್ತ ಹೋದಾಗ ಅಂಕಿ ಒಂದೇ ಸಮನೆ ಏರಬೇಕು. ನಡುವೆ ಜಿಗಿದರೆ ಅಥವಾ ಕುಸಿದರೆ, ತಡವರಿಕೆ ಬರುವುದು ಸರಿಯಾಗಿ ಆ ಜಾಗದಲ್ಲೇ.

ಈಗ ಗಾಳಿಯ ದಾರಿ. ಈ ಸೀಮೆಯಲ್ಲಿ ಮೊದಲು ತೆರೆಯಬೇಕಾದ್ದು ಏರ್ ಫಿಲ್ಟರ್ ಡಬ್ಬಿ. ಕಟ್ಟಿದ ಫಿಲ್ಟರ್ ಮೈಲೇಜ್ ಕೆಡಿಸುತ್ತದೆ ಎಂಬುದು ಕಾರ್ಬುರೇಟರ್ ಕಾಲದ ಅನುಭವ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಧನ ಇಂಜೆಕ್ಷನ್ ಇರುವ ಕಾರುಗಳಲ್ಲಿ ಫಿಲ್ಟರ್ ಕಟ್ಟಿದರೂ ಮೈಲೇಜ್ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಆದರೆ ವೇಗ ಪಡೆಯಲು ಹಿಡಿಯುವ ಸಮಯ ಹೆಚ್ಚಿತು. ಮೈಲೇಜ್ ಸರಿಯಿದೆ, ಆದ್ದರಿಂದ ಫಿಲ್ಟರ್ ಸರಿಯಿದೆ ಎಂಬ ತರ್ಕ ಆಧುನಿಕ ಕಾರಿಗೆ ನಿಲ್ಲುವುದಿಲ್ಲ.

ಕಂಪನಿಯ ಕೈಪಿಡಿಯಲ್ಲಿ ಸಾಮಾನ್ಯ ರಸ್ತೆಗೊಂದು, ಧೂಳಿನ ರಸ್ತೆಗೊಂದು ಎಂದು ಎರಡು ವೇಳಾಪಟ್ಟಿ ಇರುತ್ತದೆ. ಪಾಪಿನಾಯಕನಹಳ್ಳಿಯಿಂದ ಸಂಡೂರಿನವರೆಗಿನ ಗಾಡಿಗಳಿಗೆ ಅನ್ವಯಿಸುವುದು ಎರಡನೆಯದೇ. ಕಾಗದದ ಫಿಲ್ಟರಿಗೆ ಜೋರು ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕುವ ರೂಢಿ ಬಿಡಬೇಕು. ಆ ಹೊಡೆತಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ; ಅಲ್ಲಿಂದ ನುಗ್ಗಿದ ಅದಿರು ಧೂಳು ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಹಳ್ಳಿಯಲ್ಲಿ ತಕ್ಷಣ ಹೊಸ ಫಿಲ್ಟರ್ ಸಿಗದಿದ್ದರೆ ಒಳಗಿನಿಂದ ಹೊರಕ್ಕೆ, ದೂರದಿಂದ, ಮೆಲ್ಲನೆಯ ಗಾಳಿ ಬಿಟ್ಟು ತಾತ್ಕಾಲಿಕವಾಗಿ ಬಳಸಬಹುದು. ಫಿಲ್ಟರಿನ ರಬ್ಬರ್ ಅಂಚು ಡಬ್ಬಿಗೆ ಸರಿಯಾಗಿ ಕೂತಿದೆಯೇ ಎಂದೂ ನೋಡಬೇಕು. ಫಿಲ್ಟರ್ ದಾಟಿದ ಪೈಪಿನೊಳಗೆ ಬೆರಳಾಡಿಸಿದಾಗ ಕೆಂಪು ಧೂಳು ಅಂಟಿದರೆ ಅದು ಗಂಭೀರ ಸೂಚನೆ.

ಹಾಗೆ ಒಳಬಂದ ಧೂಳು ಎಂಎಎಫ್ ಸೆನ್ಸರ್‌ನ ಎಳೆಯಂಥ ತಂತಿಗೆ ಅಂಟುತ್ತದೆ. ಅದಕ್ಕೆಂದೇ ಸಿಗುವ ಸ್ಪ್ರೇಯಿಂದ, ಕೈ ತಾಗಿಸದೆ ತೊಳೆದು, ಪೂರ್ತಿ ಒಣಗಿಸಿ ಕೂಡಿಸಬೇಕು. ಕಾರ್ಬುರೇಟರ್ ಕ್ಲೀನರ್ ಬಳಸಿದರೆ ಸೆನ್ಸರ್ ಕೆಡುತ್ತದೆ. ಥ್ರಾಟಲ್ ಬಾಡಿಯ ತಟ್ಟೆಯ ಅಂಚಿನಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಪೆಡಲ್ ಮುಟ್ಟಿದ ಮೊದಲ ಕ್ಷಣದಲ್ಲೇ ತೊಡಕು ಕಾಣುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಾದರೆ ಆಮೇಲೆ ಸ್ಕ್ಯಾನರ್‌ನಿಂದ ಐಡಲ್ ಮರುಹೊಂದಾಣಿಕೆ ಮಾಡಬೇಕಾಗಬಹುದು.

ಕಳ್ಳಗಾಳಿ ಹುಡುಕಲು ಇನ್‌ಟೇಕ್ ಪೈಪು, ಬ್ರೇಕ್ ಬೂಸ್ಟರ್ ಪೈಪು, ಪಿಸಿವಿ ಪೈಪುಗಳನ್ನು ಬಗ್ಗಿಸಿ ಬಿರುಕು ನೋಡಬೇಕು. ಹೊಗೆ ಹಾಯಿಸುವ ಯಂತ್ರವಿದ್ದರೆ ಅದಕ್ಕಿಂತ ಖಚಿತವಾದುದಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಎರಚಿ ಪರೀಕ್ಷಿಸುವುದು ಬೆಂಕಿಗೆ ಆಹ್ವಾನ. ಅದನ್ನು ಯಾರೂ ಮಾಡಬಾರದು.

ಗಾಳಿಯ ದಾರಿ ಸರಿಯಿದ್ದರೆ ಇಂಧನ. ಇಲ್ಲಿ ಊಹೆಗೆ ಎಡೆಯಿಲ್ಲ, ಒತ್ತಡ ಅಳೆಯುವ ಗೇಜ್ ಬೇಕು. ಸಾಮಾನ್ಯ ಎಂಪಿಎಫ್‌ಐ ಎಂಜಿನ್‌ನಲ್ಲಿ ಪೆಟ್ರೋಲ್ ಒತ್ತಡ 3ರಿಂದ 4 ಬಾರ್. ಖಚಿತ ಅಂಕಿ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಐಡಲ್‌ನಲ್ಲಿ ಸರಿಯಿದ್ದು, ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಕುಸಿದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪ್ ಸೋತಿದೆ. ಪಂಪ್ ಬದಲಿಸುವ ಮೊದಲು ಅದಕ್ಕೆ ಬರುವ ವೋಲ್ಟೇಜ್ ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5ರಿಂದ 14.7 ವೋಲ್ಟ್ ಇದ್ದು ಪಂಪ್ ಬಳಿ ಅದಕ್ಕಿಂತ ಬಹಳ ಕಡಿಮೆಯಿದ್ದರೆ, ತಪ್ಪು ಪಂಪಿನದಲ್ಲ, ರಿಲೇ ಅಥವಾ ಅರ್ಥಿಂಗ್ ವೈರಿನದು. ಟ್ಯಾಂಕಿನೊಳಗಿನ ಪಂಪ್ ತಂಪಾಗುವುದು ಸುತ್ತಲಿನ ಪೆಟ್ರೋಲಿನಿಂದಲೇ. ಏಪ್ರಿಲ್, ಮೇ ಬಿಸಿಲಿನಲ್ಲಿ ಸದಾ ರಿಸರ್ವ್‌ನಲ್ಲಿ ಓಡಿಸುವ ಗಾಡಿಗಳ ಪಂಪ್ ಬೇಗ ಸಾಯುತ್ತದೆ. ಕಾಲು ಟ್ಯಾಂಕಿಗಿಂತ ಕೆಳಗಿಳಿಸದಿರುವುದು ಉಳಿತಾಯದ ದಾರಿ.

ಇ20 ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳನ್ನು ಮೆತ್ತಗಾಗಿಸಬಲ್ಲದು; ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರಬಹುದು. ಹಳೆಯ ಕಾರಿನಲ್ಲಿ ಟ್ರಿಮ್ ಸ್ವಲ್ಪ ಏರಿದ್ದರೆ ಇದೂ ಕಾರಣವಾಗಿರಬಹುದು. ಬಂಕಿನಿಂದ ಹೊರಟ ಕೆಲವೇ ಕಿಲೋಮೀಟರ್‌ಗಳಲ್ಲಿ ತೊಂದರೆ ಆರಂಭವಾದರೆ ಟ್ಯಾಂಕಿನ ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ತೆಗೆದು ಅರ್ಧ ಗಂಟೆ ಇಟ್ಟರೆ, ನೀರು ಬೇರ್ಪಟ್ಟಿದ್ದಲ್ಲಿ ಅದು ತಳದಲ್ಲಿ ಪದರವಾಗಿ ಕಾಣುತ್ತದೆ. ಒತ್ತಡ ಸರಿಯಿದ್ದೂ ಒಂದೇ ಸಿಲಿಂಡರ್ ಸೊರಗಿದ್ದರೆ ಇಂಜೆಕ್ಟರ್ ಸರದಿ. ಅದನ್ನು ಬಿಚ್ಚಿ, ಪ್ರತಿ ಇಂಜೆಕ್ಟರ್ ಒಂದೇ ಸಮಯದಲ್ಲಿ ಎಷ್ಟು ಹರಿಸುತ್ತದೆ ಎಂದು ಬೆಂಚಿನ ಮೇಲೆ ಅಳೆದರೆ ಅನುಮಾನ ಉಳಿಯುವುದಿಲ್ಲ.

ಮೂರನೆಯದು ಕಿಡಿ. ಬಿಚ್ಚಿದ ಪ್ಲಗ್ಗಿನ ತುದಿ ತಿಳಿಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ದಹನ ಸರಿಯಿದೆ. ಒಣ ಕಪ್ಪು ಮಸಿಯಿದ್ದರೆ ಇಂಧನ ಹೆಚ್ಚು, ಬಿಳಚಿಕೊಂಡಿದ್ದರೆ ಇಂಧನ ಕಡಿಮೆ ಅಥವಾ ವಿಪರೀತ ಬಿಸಿ, ಎಣ್ಣೆ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ತುದಿಗಳ ನಡುವಿನ ಅಂತರ ಕಾರಿನ ಮಾದರಿಗೆ ತಕ್ಕಂತೆ 0.7ರಿಂದ 1.1 ಮಿ.ಮೀ.; ಸವೆದಂತೆ ಅದು ಹಿಗ್ಗಿ, ಭಾರ ಬಿದ್ದಾಗ ಕಿಡಿ ಹಾರದೆ ಹೋಗುತ್ತದೆ. ಸಿಎನ್‌ಜಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜ್ ಬೇಕಾದ್ದರಿಂದ, ಪೆಟ್ರೋಲಿನಲ್ಲಿ ನೆಟ್ಟಗೆ ಓಡಿ ಸಿಎನ್‌ಜಿಯಲ್ಲಿ ಮಾತ್ರ ಮುಗ್ಗರಿಸುವ ಗಾಡಿಯಲ್ಲಿ ಮೊದಲು ಪ್ಲಗ್, ಕಾಯಿಲ್ ನೋಡಬೇಕು.

ಕಾಯಿಲ್ ಕೆಟ್ಟಿದೆಯೇ ಎಂದು ತಿಳಿಯಲು ಹೊಸದನ್ನು ಕೊಳ್ಳಬೇಕಿಲ್ಲ. ಒಂದನೇ ಸಿಲಿಂಡರ್‌ಗೆ ಪಿ0301 ಬಂದಿದ್ದರೆ ಅಲ್ಲಿನ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಒಂದಕ್ಕೆ ಹಾಕಿ ಓಡಿಸಿದರಾಯಿತು. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲ್ ಕೆಟ್ಟಿದೆ. ಒಂದರಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಮಾತ್ರ ಬರುವ ಜರ್ಕ್‌ಗೆ ಬಿರಿದ ಕಾಯಿಲ್ ರಬ್ಬರ್, ಎಚ್‌ಟಿ ವೈರುಗಳಿಂದ ಸೋರುವ ಕಿಡಿ ಕಾರಣ; ಕತ್ತಲಲ್ಲಿ ಬಾನೆಟ್ ತೆರೆದು ನೋಡಿದರೆ ಅದು ನೀಲಿಯಾಗಿ ಕಾಣುವುದುಂಟು. ಗದ್ದೆಯ ಪಕ್ಕ ನಿಲ್ಲುವ ಕಾರಾದರೆ ಇಲಿ ಕಡಿದ ವೈರುಗಳಿಗಾಗಿ ಸೆನ್ಸರ್ ಸಾಕೆಟ್‌ವರೆಗೂ ಹಾರ್ನೆಸ್ ಹಿಡಿದು ನೋಡಬೇಕು.

ಮೂರೂ ಸರಿಯಿದ್ದು ಎಂಜಿನ್ ಇನ್ನೂ ಏರದಿದ್ದರೆ ಹೊಗೆ ಹೊರಹೋಗುವ ದಾರಿ ಕಟ್ಟಿರಬಹುದು. ಕನ್ವರ್ಟರ್‌ಗಿಂತ ಮುಂಚಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜ್ ಕೂಡಿಸಿದಾಗ 2,500 ಸುತ್ತಿನಲ್ಲಿ ಹಿಂದೊತ್ತಡ ಸುಮಾರು 0.2 ಬಾರ್ ದಾಟಿದರೆ ಕನ್ವರ್ಟರ್ ಕಟ್ಟಿದೆ. ಆದರೆ ಅದು ತಾನಾಗಿ ಕಟ್ಟುವುದು ಅಪರೂಪ. ಅದನ್ನು ಹಾಳುಮಾಡಿದ ಮಿಸ್‌ಫೈರ್ ಅಥವಾ ಆಯಿಲ್ ಸೋರಿಕೆಯನ್ನು ಮೊದಲು ಸರಿಪಡಿಸದಿದ್ದರೆ ಹೊಸದಕ್ಕೂ ಅದೇ ಗತಿ.

ಡೀಸೆಲ್ ಕಾರುಗಳಲ್ಲಿ ಕಿಡಿಯಿಲ್ಲ. ಅಲ್ಲಿನ ಕ್ರಮ ಬೇರೆ. ಮೊದಲು ಡೀಸೆಲ್ ಫಿಲ್ಟರ್ ತಳದ ನೀರು ಬಸಿಯಬೇಕು, ಹಳೆಯದಾಗಿದ್ದರೆ ಬದಲಿಸಬೇಕು. ಕಾಮನ್ ರೈಲ್ ಎಂಜಿನ್‌ನಲ್ಲಿ ಐಡಲ್‌ನಲ್ಲಿ 250–350 ಬಾರ್ ಇರುವ ಒತ್ತಡ ಪೂರ್ತಿ ಒತ್ತಿದಾಗ 1,600 ಬಾರ್ ಅಥವಾ ಅದಕ್ಕೂ ಮೇಲೆ ಏರುತ್ತದೆ. ಇಸಿಯು ಕೇಳಿದ ಒತ್ತಡ, ಬಂದ ಒತ್ತಡ ಎರಡನ್ನೂ ಸ್ಕ್ಯಾನರ್‌ನಲ್ಲಿ ಹೋಲಿಸಿದರೆ ಕೊರತೆ ತಾನಾಗಿ ಕಾಣುತ್ತದೆ. ಒತ್ತಿದಾಗ ಕಪ್ಪು ಹೊಗೆಯೊಂದಿಗೆ ಸುಯ್ ಎಂಬ ಸದ್ದು ಬಂದರೆ ಟರ್ಬೊ ಮತ್ತು ಇಂಟರ್‌ಕೂಲರ್ ನಡುವಿನ ಪೈಪು ಬಿರಿದಿದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತರೆ ಹೊಸ ಗಾಳಿಯ ಜಾಗವನ್ನು ಹೊಗೆಗೆ ಕೊಡುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದು ತನ್ನ ಮಸಿಯನ್ನು ಸುಟ್ಟುಕೊಳ್ಳಲು ಹೆದ್ದಾರಿಯಲ್ಲಿ ಒಂದೇ ವೇಗದ ಓಟ ಬೇಕು. ಹೊಸಪೇಟೆ ಪೇಟೆಯೊಳಗೇ ಓಡುವ ಗಾಡಿಯಲ್ಲಿ ಡಿಪಿಎಫ್ ದೀಪ ಹತ್ತಿದರೆ ಅಂದೇ ಬಳ್ಳಾರಿ ದಿಕ್ಕಿಗೆ ಒಂದು ದೀರ್ಘ ಓಟ ಓಡಿಸುವುದು ಲೇಸು. ಅಲಕ್ಷಿಸಿದರೆ ಇಸಿಯು ಎಂಜಿನ್ ಶಕ್ತಿಯನ್ನೇ ಕಡಿತ ಮಾಡುತ್ತದೆ.

ಇನ್ನೂ ಓಡುತ್ತಿರುವ ಕಾರ್ಬುರೇಟರ್ ಕಾಲದ ಮಾರುತಿ 800, ಅಂಬಾಸಿಡರ್‌ಗಳಲ್ಲಿ ಪರೀಕ್ಷೆ ಸರಳ. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರ್ ತೆಗೆದು, ಪೆಡಲ್ ಕೊಂಡಿಯನ್ನು ಕೈಯಿಂದ ತೆರೆದಾಗ ಒಳಗೆ ಪೆಟ್ರೋಲ್ ಎಳೆಯಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ ಹರಿದಿದೆ ಅಥವಾ ಜೆಟ್ ಕಟ್ಟಿದೆ. ಆಮೇಲೆ ಪಾಯಿಂಟ್ ಅಂತರ, ಟೈಮಿಂಗ್ ನೋಡಿದರೆ ಸಾಕು.

ರಿಪೇರಿ ಮುಗಿಯುವುದು ಭಾಗ ಕೂಡಿಸಿದಾಗಲ್ಲ, ಅದೇ ಪರಿಸ್ಥಿತಿಯಲ್ಲಿ ಓಡಿಸಿ ನೋಡಿದಾಗ. ಕೋಡ್ ಅಳಿಸಿ, ಎಂಜಿನ್ ಬಿಸಿಯಾದ ಮೇಲೆ, ಮೊದಲು ತೊಂದರೆ ಕಂಡ ಗೇರು ಮತ್ತು ವೇಗದಲ್ಲೇ ಪರೀಕ್ಷಿಸಬೇಕು. ಭಾರದ ಪರೀಕ್ಷೆಗೆ ಸಂಡೂರಿನಿಂದ ಕುಮಾರಸ್ವಾಮಿ ಗುಡಿಯ ಕಡೆಗಿನ ಏರುದಾರಿಯಂಥ ರಸ್ತೆ ಸೂಕ್ತ. ಸ್ಕ್ಯಾನರ್ ನೋಡುವ ಕೆಲಸ ಮಾತ್ರ ಪಕ್ಕದಲ್ಲಿ ಕೂತವರದಾಗಿರಬೇಕು, ಚಾಲಕರದ್ದಲ್ಲ. ಟ್ರಿಮ್ ಮತ್ತೆ ಶೇ 10ರೊಳಗೆ ಬಂದಿದೆ, ಹೊಸ ಕೋಡ್ ಇಲ್ಲ, ಏರಿನಲ್ಲೂ ಎಳೆತ ಒಂದೇ ಸಮನಾಗಿದೆ ಎಂದಾದರೆ ಕೆಲಸ ಸರಿಯಾಗಿದೆ.

ಮಾಲೀಕರು ಮತ್ತು ಚಾಲಕರು ಪಾಲಿಸಬೇಕಾದ್ದು ಮೂರು: ಲಕ್ಷಣವನ್ನು ಬರೆದುಕೊಡುವುದು, ಭಾಗ ಬದಲಿಸುವ ಮೊದಲು ಯಾವ ಅಳತೆಯಿಂದ ಅದು ಕೆಟ್ಟಿದೆ ಎಂದು ತಿಳಿಯಿತು ಎಂದು ಕೇಳುವುದು, ಬದಲಿಸಿದ ಹಳೆಯ ಭಾಗವನ್ನು ವಾಪಸು ಪಡೆಯುವುದು. ಪರೀಕ್ಷೆಗೆ ತಗಲುವ ಸಮಯಕ್ಕೆ ಕೂಲಿ ಕೊಡುವುದೂ ಅವರ ಹೊಣೆ. ಆ ಕೂಲಿ ಸಿಗದಿದ್ದರೆ ಮೇಸ್ತ್ರಿ ಭಾಗ ಮಾರಿಯೇ ಬದುಕಬೇಕಾಗುತ್ತದೆ. ಮೇಸ್ತ್ರಿಗಳು ಪಾಲಿಸಬೇಕಾದ್ದೂ ಮೂರು: ಕೋಡ್ ಓದದೆ ಬ್ಯಾಟರಿ ಬಿಚ್ಚದಿರುವುದು, ಅಗ್ಗದ ಪರೀಕ್ಷೆಯಿಂದ ದುಬಾರಿಯ ಕಡೆಗೆ ಹೋಗುವುದು, ಕಂಡ ಅಂಕಿಗಳನ್ನು ಬಿಲ್ಲಿನಲ್ಲೇ ಬರೆಯುವುದು. ಹಾಗೆ ಬರೆದ ಬಿಲ್ ಮುಂದಿನ ಸಲ ಅದೇ ಗಾಡಿ ಯಾವ ಗ್ಯಾರೇಜಿಗೆ ಹೋದರೂ ಹುಡುಕಾಟವನ್ನು ಸೊನ್ನೆಯಿಂದ ಆರಂಭಿಸುವ ಪ್ರಮೇಯ ಉಳಿಸುವುದಿಲ್ಲ.

ಇಂತಿ,
ಈ ಸೀಮೆಯ ರಸ್ತೆಗಳ ಒಬ್ಬ ಹಿತೈಷಿ